ವಿಶ್‌ಬೋನ್ ಆ್ಯಶ್ ಲೈವ್ ನೋಡಿದವರು ಹೇಳಿ: ಪವೆಲ್ ತಂಡವೋ, ಟರ್ನರ್ ತಂಡವೋ?

ರೀಡಿಂಗ್ ರಘು:
ಅಪ್ಪ ಮೈಸೂರಿನಿಂದ ಇಂಗ್ಲೆಂಡಿಗೆ ಬರುತ್ತಿದ್ದಾರೆ. ವಯಸ್ಸು 71, ಮಂಡಿ ನೋವಿದೆ. ಕಾಲೇಜಿನಿಂದಲೂ ಇಂಗ್ಲಿಷ್ ರಾಕ್ ತಂಡ ವಿಶ್‌ಬೋನ್ ಆ್ಯಶ್ ಅಂದರೆ ಪ್ರಾಣ. ಅವರ 'ಆರ್ಗಸ್' ಆಲ್ಬಮ್ಮಿನ ಕ್ಯಾಸೆಟ್ ಸವೆಯುವಷ್ಟು ಕೇಳಿದ್ದಾರೆ. ಗಿಟಾರಿಸ್ಟ್ ಆ್ಯಂಡಿ ಪವೆಲ್ ಹಳೇ ಹೆಸರಿನಲ್ಲೇ ತಂಡ ನಡೆಸುತ್ತಾರೆ, ಮೊದಲಿನ ಹಾಡುಗಾರ ಮಾರ್ಟಿನ್ ಟರ್ನರ್ ಬೇರೆ ತಂಡ ಕಟ್ಟಿ ಅದೇ ಹಾಡು ಹಾಡುತ್ತಾರೆ ಅಂತ ಗೊತ್ತು. ಒಂದಕ್ಕೆ ಮಾತ್ರ ಕರೆದುಕೊಂಡು ಹೋಗಬಹುದು. ಯಾವುದು? ಕೂರಲು ಜಾಗ ಸಿಗುತ್ತಾ?

ಕೊವೆಂಟ್ರಿ ಕನ್ನಡಿಗ:
ಟರ್ನರ್. ಎರಡು ಮಾತಿಲ್ಲ. 'ಆರ್ಗಸ್'ನಲ್ಲಿ ನಿಮ್ಮಪ್ಪ ಕೇಳಿದ ದನಿ ಅವರದು, ಬೇಸ್ ಅವರದು, ಸಾಹಿತ್ಯದ ಬಹುಪಾಲೂ ಅವರದೇ. ನಾನು ನೋಡಿದ್ದು ಬಿಲ್‌ಸ್ಟನ್‌ನ ರಾಬಿನ್ 2 ಅನ್ನೋ ಹಾಲ್‌ನಲ್ಲಿ. ಟಿಕೆಟ್ 22 ಪೌಂಡ್, ಬುಕಿಂಗ್ ಫೀ 2.80. ಟಿಕೆಟ್ ನಾನೇ ಪ್ರಿಂಟ್ ಮಾಡಿಕೊಂಡು ಹೋಗಿದ್ದು, ಆದರೂ ಫೀ! ರೈಲು, ಟ್ರಾಮ್ ಸೇರಿ 14.60. ಕೊನೆಯ ಹಾಡು ಬಿಟ್ಟು ಏಳಲು ಮನಸ್ಸಾಗಲಿಲ್ಲ, ಟ್ರಾಮ್ ಹೋಯಿತು. ಹೊರಗೆ ಮಳೆ. ಮೊದಲ ಟ್ಯಾಕ್ಸಿಯವನು ಒಪ್ಪಿಕೊಂಡು ಬರಲೇ ಇಲ್ಲ. ಎರಡನೆಯವನು ಕೊವೆಂಟ್ರಿಗೆ 78 ಪೌಂಡ್ ತೆಗೆದುಕೊಂಡ. ಒಟ್ಟು 117.40. ಬೆಳಿಗ್ಗೆ ಆರಕ್ಕೆ ಡ್ಯೂಟಿ. ಆದರೂ ಆ ದನಿ ಎದುರಿಗೆ ಕೇಳಿದ್ದಕ್ಕೆ ಇನ್ನೊಂದು ಅಷ್ಟು ಕೊಡುತ್ತೇನೆ.

ಸ್ಟುಟ್‌ಗಾರ್ಟ್ ಶೆಟ್ಟಿ:
ಹಾಡುಗಾರನನ್ನು ನೋಡಬೇಕಾದರೆ ಅಲ್ಲಿಗೆ ಹೋಗಿ. ವಿಶ್‌ಬೋನ್ ಆ್ಯಶ್ ನೋಡಬೇಕಾದರೆ ಪವೆಲ್ ಹತ್ತಿರ ಹೋಗಿ. 1969ರಲ್ಲಿ ಶುರುವಾದ ತಂಡವನ್ನು ಒಂದು ದಿನವೂ ಬಿಡದೆ ಹಿಡಿದುಕೊಂಡವರು ಅವರೊಬ್ಬರೇ. ಇನ್ನೊಬ್ಬ ಗಿಟಾರಿಸ್ಟ್ ಟೆಡ್ ಟರ್ನರ್ 1974ರಲ್ಲಿ ಹೋದರು, ಮಾರ್ಟಿನ್ 1980ರಲ್ಲಿ, ಡ್ರಮ್ಮರ್ ಸ್ಟೀವ್ ಅಪ್ಟನ್ 1990ರಲ್ಲಿ.

ಜರ್ಮನಿಯಲ್ಲಿ ಅವರಿಗೆ ಇವತ್ತಿಗೂ ಜನ ಇದ್ದಾರೆ. ನನ್ನ ಟಿಕೆಟ್ ಕೊರೊನಾದಲ್ಲಿ ಸಿಕ್ಕಿಕೊಂಡಿತು. ಮುಂದೂಡಿದರು, ಮತ್ತೆ ಮುಂದೂಡಿದರು. ಟಿಕೆಟ್ ಮಾರಿದವರು ದುಡ್ಡು ವಾಪಸ್ ಕೊಡದೆ ವೋಚರ್ ಕಳಿಸಿದರು. ಆ ವೋಚರ್ ಹೊಸ ಟಿಕೆಟ್‌ಗೆ ಹಾಕಿದರೆ ಅವಧಿ ಮುಗಿದಿದೆ ಅಂತ ಬಂತು. 38 ಯೂರೋ ನೀರಿಗೆ. ಮತ್ತೆ 42 ಕೊಟ್ಟು ತೆಗೆದುಕೊಂಡೆ. ಆ ದಿನ ಹಿಮ, ರೈಲು ರದ್ದು. ಕಾರಿನಲ್ಲಿ ಹೋದೆ, ಡೀಸೆಲ್ 55, ಪಾರ್ಕಿಂಗ್ 12. 'ಆರ್ಗಸ್' ಇಡೀ ನುಡಿಸಿದರು. ಪವೆಲ್ ಕೈಯಲ್ಲಿ 'ವಿ' ಆಕಾರದ ಆ ಫ್ಲೈಯಿಂಗ್ ವಿ ಗಿಟಾರ್, ಪಕ್ಕದಲ್ಲಿ ಈಗಿನ ಎರಡನೇ ಗಿಟಾರಿಸ್ಟ್ ಮಾರ್ಕ್ ಅಬ್ರಹಾಮ್ಸ್. ಎರಡೂ ಗಿಟಾರ್ ಒಂದೇ ರಾಗ ಹಿಡಿದು ಜೊತೆಯಾಗಿ ಏರುವಾಗ ಕಣ್ಣು ತುಂಬಿತು.

ಕೊವೆಂಟ್ರಿ ಕನ್ನಡಿಗ:
ಹಿಡಿದುಕೊಂಡವರಲ್ಲ ಶೆಟ್ರೇ, ಹೆಸರನ್ನು ತಮ್ಮ ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸಿಕೊಂಡವರು. ತಂಡ ಕಟ್ಟಿದವನೇ ಪೋಸ್ಟರ್‌ನಲ್ಲಿ 'ಎಕ್ಸ್', ಅಂದರೆ ಮಾಜಿ, ಅಂತ ಹಾಕಿಕೊಳ್ಳಬೇಕು. ಇದು ನ್ಯಾಯನಾ?

ಸ್ಟುಟ್‌ಗಾರ್ಟ್ ಶೆಟ್ಟಿ:
2013ರಲ್ಲಿ ಕೋರ್ಟು ಎರಡೂ ಕಡೆ ಕೇಳಿಯೇ ಪವೆಲ್ ಪರ ತೀರ್ಪು ಕೊಟ್ಟಿದೆ. ಇಪ್ಪತ್ತು, ಮೂವತ್ತು ವರ್ಷ ವ್ಯಾನಿನಲ್ಲಿ ಊರೂರು ಸುತ್ತಿ ಹೆಸರು ಉಳಿಸಿದವನಿಗೆ ಅದರ ಮೇಲೆ ಹಕ್ಕಿಲ್ವಾ? ನಿಮಗೆ ನೋವಾಗಿದ್ದರೆ ಕೋರ್ಟಿಗೆ ಹೇಳಿ, ನನ್ನ ಮೇಲೆ ಯಾಕೆ?

ಬಸವನಗುಡಿ ಹಿರಿಯ:
ನಿಮ್ಮಿಬ್ಬರಿಗೂ ಟಿಕೆಟ್ ಕೊಳ್ಳುವ ಭಾಗ್ಯ ಇತ್ತು. ನಾವು ಬೆಂಗಳೂರಿನಲ್ಲಿ ಜೆ.ಎಸ್. (ಜೂನಿಯರ್ ಸ್ಟೇಟ್ಸ್‌ಮನ್) ಪತ್ರಿಕೆಯಲ್ಲಿ ಫೋಟೋ ನೋಡಿ ತೃಪ್ತಿ ಪಡಬೇಕಿತ್ತು. ಗೆಳೆಯನ ಅಣ್ಣ ಲಂಡನ್ನಿನಿಂದ 'ಆರ್ಗಸ್' ಎಲ್‌ಪಿ ತಂದಿದ್ದ. ಕಸ್ಟಮ್ಸ್‌ನಲ್ಲಿ ಅದಕ್ಕೂ ತೆರಿಗೆ ಕಟ್ಟಿದ್ದ. ಮನೆಗೆ ಕೊಡುತ್ತಿರಲಿಲ್ಲ, ಅವನ ಕೋಣೆಯಲ್ಲೇ ಕೂತು ಕೇಳಬೇಕು. ರೆಕಾರ್ಡ್ ಪ್ಲೇಯರಿಗೆ ಹೊಸ ಸೂಜಿ ತಂದವನಿಗೆ ಮಾತ್ರ ಎರಡನೇ ಸಲ. ಕವರ್‌ನಲ್ಲಿ ಬೆನ್ನು ತಿರುಗಿಸಿ ನಿಂತ ಯೋಧ, ಹಿಂದುಗಡೆ ಮೂಲೆಯಲ್ಲಿ ಪುಟ್ಟ ಹಾರುವ ತಟ್ಟೆ. ಅದನ್ನು ಮೊದಲು ಕಂಡುಹಿಡಿದವನು ನಾನೇ.

ನನ್ನ ಪ್ರಕಾರ ಟರ್ನರ್ ಅಣ್ಣತಮ್ಮಂದಿರಿಬ್ಬರೂ ಇಲ್ಲದ ತಂಡ ತಂಡವೇ ಅಲ್ಲ. ಎರಡು ಗಿಟಾರ್ ಜೊತೆಯಾಗಿ ರಾಗ ನುಡಿಸುವ ಅವಳಿ ಗಿಟಾರನ್ನು ಪ್ರಪಂಚಕ್ಕೆ ಕೊಟ್ಟಿದ್ದೇ ವಿಶ್‌ಬೋನ್ ಆ್ಯಶ್.

ಲೀಡ್ಸ್ ಲತಾ:
ಅಂಕಲ್, ಮಾರ್ಟಿನ್ ಮತ್ತು ಟೆಡ್ ಅಣ್ಣತಮ್ಮಂದಿರಲ್ಲ. ಸರ್‌ನೇಮ್ ಮಾತ್ರ ಒಂದೇ.

ನಾನು ಮಾವನವರನ್ನು ಪವೆಲ್ ತಂಡಕ್ಕೆ ಕರೆದುಕೊಂಡು ಹೋಗಿದ್ದೆ. ವೆಬ್‌ಸೈಟಿನಲ್ಲಿ 'ಸೀಟಿಂಗ್ ಇದೆ' ಅಂತ ಇತ್ತು. ಹೋದರೆ ಮಹಡಿ ಮೇಲೆ ಒಂದು ಸಾಲು, ಮೊದಲು ಬಂದವರಿಗೆ. ಲಿಫ್ಟ್ ಇಲ್ಲ. ಮಾವ ಮೆಟ್ಟಿಲು ಹತ್ತುವಷ್ಟರಲ್ಲಿ ಅದೂ ತುಂಬಿತ್ತು. ಬಾರಿನ ಹುಡುಗಿ ಪಾಪ, ಒಂದು ಸ್ಟೂಲ್ ತಂದು ಕಂಬದ ಪಕ್ಕ ಹಾಕಿದಳು. ಅರ್ಧ ವೇದಿಕೆ ಕಾಣಲಿಲ್ಲ. ಆದರೂ ಮಾವ ಎರಡು ಗಂಟೆ ಅಲುಗಾಡದೆ ಕೂತರು. ರಘು, ನೀವು ಟಿಕೆಟ್ ಕೊಳ್ಳುವ ಮುಂಚೆ ಹಾಲ್‌ಗೆ ಫೋನ್ ಮಾಡಿ. ನಿಲ್ಲಲಾಗದವರಿಗೆ ಕುರ್ಚಿ ತೆಗೆದಿಡುತ್ತಾರಾ ಕೇಳಿ, ಹೇಳಿದ್ದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಇಯರ್‌ಪ್ಲಗ್ ಮರೆಯಬೇಡಿ.

ಸ್ಟುಟ್‌ಗಾರ್ಟ್ ಶೆಟ್ಟಿ:
ಇಯರ್‌ಪ್ಲಗ್ ಹಾಕಿಕೊಂಡು ವಿಶ್‌ಬೋನ್ ಆ್ಯಶ್ ಕೇಳುವುದಾ? ಮನೆಯಲ್ಲೇ ಸಿಡಿ ಹಾಕಿ ಕೊಡಿ ಸಾಕು.

ಲೀಡ್ಸ್ ಲತಾ:
ನಾನು ಕಿವಿ ಡಾಕ್ಟರ ಹತ್ತಿರ ಕೆಲಸ ಮಾಡುತ್ತೇನೆ ಶೆಟ್ರೇ. ಮುಂದಿನ ಸಾಲಿನಲ್ಲಿ ನಿಂತ ಗಂಡಸರು ಆಮೇಲೆ ನಮ್ಮ ಹತ್ತಿರ ಏನು ಹೇಳುತ್ತಾರೆ ಅಂತ ನನಗೆ ಗೊತ್ತು. ಗದ್ದಲ ಕಡಿಮೆ ಮಾಡಿ ಸ್ವರ ಕೆಡಿಸದ ಪ್ಲಗ್ 20 ಪೌಂಡ್‌ಗೆ ಸಿಗುತ್ತೆ.

ಕೊವೆಂಟ್ರಿ ಕನ್ನಡಿಗ:
ಹಿರಿಯರೇ, ಅವಳಿ ಗಿಟಾರ್ ವಿಷಯ ಒಪ್ಪಲಾಗದು. ಎರಡು ಗಿಟಾರಿನ ಅಮೆರಿಕನ್ ತಂಡ ಆಲ್ಮನ್ ಬ್ರದರ್ಸ್‌ನ ಮೊದಲ ಆಲ್ಬಮ್ 1969ರದು. ಇವರ ಮೊದಲನೆಯದು 1970ರ ಕೊನೆಗೆ.

ಬಸವನಗುಡಿ ಹಿರಿಯ:
ಅವರದು ಅಮೆರಿಕದ ಬ್ಲೂಸ್ ಸಂಗೀತದಿಂದ ಬಂದ ಗಿಟಾರ್. ಇಂಗ್ಲಿಷ್ ಜಾನಪದದ ಧಾಟಿ ಎರಡು ಗಿಟಾರಿನಲ್ಲಿ ಬಂದಿದ್ದು ಇವರಿಂದ. ಆಮೇಲೆ ಬಂದ ಥಿನ್ ಲಿಜ್ಜಿ, ಐರನ್ ಮೇಡನ್ ತಂಡಗಳನ್ನು ಕೇಳಿ, ಯಾರ ಮನೆಯಿಂದ ಹೋಗಿದ್ದು ತಿಳಿಯುತ್ತೆ. 'ಆರ್ಗಸ್'ಗೆ ಇಂಜಿನಿಯರ್ ಆಗಿದ್ದ ಮಾರ್ಟಿನ್ ಬರ್ಚ್ ಆಮೇಲೆ ಮೇಡನ್‌ಗೆ ನಿರ್ಮಾಪಕ. ಹೆಚ್ಚಿಗೆ ಏನು ಬೇಕು?

ಕೊವೆಂಟ್ರಿ ಕನ್ನಡಿಗ:
ಇಂಜಿನಿಯರ್ ಒಬ್ಬನೇ ಆದರೆ ಧಾಟಿಯೂ ಒಂದೇ ಆಗುತ್ತಾ ಸರ್? ಬರ್ಚ್ ಡೀಪ್ ಪರ್ಪಲ್ ತಂಡಕ್ಕೂ ಇಂಜಿನಿಯರ್ ಕೆಲಸ ಮಾಡಿದ್ದಾನೆ. ಅಲ್ಲಿ ಅವಳಿ ಗಿಟಾರ್ ಎಲ್ಲಿದೆ?