ಡಿಜ್ಜಿ ಅಲ್ಲ, ಡಿಜ಼ಿ: ಝಡ್ ಅಕ್ಷರದ ಸದ್ದು ಬಾಯಿಗೆ ಕೂರಿಸುವುದು ಹೇಗೆ?

ಹೊಳಲ್ಕೆರೆ ಸಿಸ್ಟರ್

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಊರು ಹೊಳಲ್ಕೆರೆ ಕಡೆ. ಹತ್ತನೇ ತರಗತಿವರೆಗೂ ಕನ್ನಡ ಮೀಡಿಯಂ. ಯುಕೆಗೆ ಹೋಗಬೇಕು ಅಂತ ಓಇಟಿ, ಅಂದರೆ ನರ್ಸ್, ಡಾಕ್ಟರ್ ಥರದವರಿಗೆ ಇರುವ ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದೇನೆ. ಲಿಸನಿಂಗ್, ರೀಡಿಂಗ್ ಪರವಾಗಿಲ್ಲ. ರೈಟಿಂಗ್ ಕೂಡ ನಡೆಯುತ್ತೆ. ಸ್ಪೀಕಿಂಗ್‌ನಲ್ಲಿ ಒಂದು ಸದ್ದು ಮಾತ್ರ ಬಾಯಿಗೆ ಬರುತ್ತಲೇ ಇಲ್ಲ.

ಅದು ಝಡ್ ಅಕ್ಷರದ ಸದ್ದು. ಗೊಂದಲ ಬೇಡ ಅಂತ ಇಲ್ಲಿ ಅದನ್ನು ಕೆಳಗೆ ಚುಕ್ಕಿ ಇಟ್ಟು ಜ಼ ಅಂತ ಬರೆಯುತ್ತೇನೆ. ಆನ್‌ಲೈನ್ ಕ್ಲಾಸಿನ ಮೇಡಂ ಪ್ರಕಾರ ನಾನು ‘ಡಿಜ಼ಿ’ (ತಲೆಸುತ್ತು) ಅಂದರೆ ಅವರಿಗೆ ‘ಡಿಜ್ಜಿ’ ಅಂತ ಕೇಳಿಸುತ್ತದಂತೆ. ‘ಕ್ಲೋಜ಼್ ಯುವರ್ ಐಜ಼್’ ಅಂದರೆ ‘ಕ್ಲೋಸ್ ಯುವರ್ ಐಸ್’ ಅಂತ. ಕಣ್ಣು ಮುಚ್ಚಿ ಅನ್ನುವ ಮಾತಿನಲ್ಲಿ ಐಸ್ ಬಂದರೆ ಪೇಷಂಟ್‌ಗೆ ಏನು ಅರ್ಥ ಆಗಬೇಕು ಹೇಳಿ.

ಅಜಿಥ್ರೋಮೈಸಿನ್, ಸೆಟಿರಿಜಿನ್, ಮೆಟ್ರೊನಿಡಜೋಲ್, ಪ್ಯಾಂಟೊಪ್ರಜೋಲ್, ದಿನಾ ಬಾಯಲ್ಲಿ ಓಡಾಡುವ ಈ ಹೆಸರುಗಳಲ್ಲೆಲ್ಲ ಇದೇ ಸದ್ದು ಇದೆ. ವಾರ್ಡಿನಲ್ಲಿ ನಾವೆಲ್ಲ ಜ ಅಂತಲೇ ಹೇಳುತ್ತೇವೆ, ಹಾಗಾಗಿ ಕಿವಿಗೂ ವ್ಯತ್ಯಾಸ ಗೊತ್ತಾಗುತ್ತಿಲ್ಲ. ಯೂಟ್ಯೂಬ್ ವಿಡಿಯೊಗಳಲ್ಲಿ ‘ಜೇನುಹುಳದ ಥರ ಸದ್ದು ಮಾಡಿ’ ಅಂತಾರೆ. ಸುಮ್ನೆ ಮಾಡಿದರೆ ಏನೋ ಬರುತ್ತೆ, ಪದದೊಳಗೆ ಹೋದ ಕೂಡಲೇ ಮತ್ತೆ ಜ ಆಗಿಬಿಡುತ್ತೆ.

ಕನ್ನಡ ಬಾಯಿಂದ ಇದನ್ನು ಕಲಿತವರು, ಕಲಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ನನಗೆ ಇಂಗ್ಲಿಷರ ಥರ ಮಾತಾಡಬೇಕು ಅಂತೇನೂ ಇಲ್ಲ. ನಾನು ಹೇಳಿದ್ದು ಪೇಷಂಟ್‌ಗೆ ಒಂದೇ ಸಲಕ್ಕೆ ಅರ್ಥ ಆಗಬೇಕು, ಅಷ್ಟು ಸಾಕು.


ದುರ್ಗದ ಮೇಷ್ಟ್ರು

ಸಿಸ್ಟರ್, ನಾನು ಚಿತ್ರದುರ್ಗದಲ್ಲಿ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ನೀವು ಕೊಟ್ಟ ಎರಡು ಉದಾಹರಣೆ ಸರಿಯಾಗಿ ನೋಡಿ, ಅವು ಬೇರೆ ಬೇರೆ ತೊಂದರೆ. ಡಿಜ಼ಿಯಲ್ಲಿ ಜ಼ ಹೋಗಿ ಜ ಆಗಿದೆ. ಐಜ಼್‌ನಲ್ಲಿ ಜ಼ ಹೋಗಿ ಸ ಆಗಿದೆ. ಮೊದಲನೆಯದು ನಾಲಿಗೆಯ ಕೆಲಸ. ಎರಡನೆಯದು ಸ್ಪೆಲಿಂಗ್ ನೋಡಿ ಓದಿದ್ದರಿಂದ ಬಂದದ್ದು. ಎರಡನ್ನೂ ಒಟ್ಟಿಗೆ ತಿದ್ದಲು ಹೋಗಬೇಡಿ, ತಲೆ ಕೆಡುತ್ತದೆ.

ಮೊದಲು ನಾಲಿಗೆ. ನಮ್ಮ ವರ್ಣಮಾಲೆಯ ಅಕ್ಷರಗಳನ್ನೇ ನೆನಪು ಮಾಡಿಕೊಳ್ಳಿ. ಕ-ಗ, ಚ-ಜ, ಟ-ಡ, ತ-ದ, ಪ-ಬ. ಒಂದೊಂದು ಜೋಡಿಯಲ್ಲೂ ನಾಲಿಗೆ, ತುಟಿ ಇರುವ ಜಾಗ ಒಂದೇ. ಎರಡನೆಯ ಅಕ್ಷರಕ್ಕೆ ಗಂಟಲು ಅದುರುತ್ತದೆ, ವ್ಯತ್ಯಾಸ ಅಷ್ಟೇ. ಆದರೆ ಕನ್ನಡದಲ್ಲಿ ಸ ಅಕ್ಷರಕ್ಕೆ ಹೀಗೆ ಜೋಡಿ ಇಲ್ಲ. ಇಂಗ್ಲಿಷ್‌ನಲ್ಲಿ ಇದೆ, ಅದೇ ಜ಼. ಅದು ಹುಟ್ಟುವುದು ಸ ಹುಟ್ಟುವ ಜಾಗದಲ್ಲಿ. ನಾವು ಜ ಬರೆದು ಕೆಳಗೆ ಚುಕ್ಕಿ ಇಡುತ್ತೇವೆ, ಎಷ್ಟೋ ಸಲ ಪ್ರಿಂಟಿನಲ್ಲಿ ಆ ಚುಕ್ಕಿಯೂ ಬಿಟ್ಟುಹೋಗಿರುತ್ತದೆ, ಅದಕ್ಕೇ ಎಲ್ಲರೂ ಜ ಹಿಡಿದುಕೊಂಡು ಒದ್ದಾಡುತ್ತಾರೆ. ಝ ಅಂತ ಬರೆದರೂ ಅಷ್ಟೇ, ಅದು ಜಕಾರದ ಮಹಾಪ್ರಾಣ. ನೀವು ಸ ಹಿಡಿದು ಶುರು ಮಾಡಿ.

ಸ್ಸ್ಸ್ಸ್ ಅಂತ ಉದ್ದಕ್ಕೆ ಎಳೆಯಿರಿ. ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದಿರುವ ವಸಡಿನ ಹತ್ತಿರ ಇರುತ್ತದೆ, ಆದರೆ ತಾಗಿರುವುದಿಲ್ಲ. ಆ ಸಣ್ಣ ಸಂದಿನಲ್ಲಿ ಗಾಳಿ ಹೋಗುತ್ತಾ ಇರುತ್ತದೆ. ನಾಲಿಗೆಯ ಎರಡು ಅಂಚು ಮಾತ್ರ ಮೇಲಿನ ದವಡೆ ಹಲ್ಲಿಗೆ ಒತ್ತಿಕೊಂಡಿರುತ್ತವೆ. ಈಗ ನಾಲಿಗೆ ಅಲ್ಲಾಡಿಸದೆ, ಗಾಳಿ ನಿಲ್ಲಿಸದೆ, ಗಂಟಲಿನಿಂದ ದನಿ ಸೇರಿಸಿ. ಎರಡೂ ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡು ಮಾಡಿದರೆ ಚೆನ್ನಾಗಿ ಗೊತ್ತಾಗುತ್ತದೆ. ಸ್ಸ್ಸ್ ಇರುವಾಗ ಬರೀ ಗಾಳಿಯ ಸದ್ದು, ದನಿ ಸೇರಿದ ಕೂಡಲೇ ತಲೆಯೊಳಗೆಲ್ಲ ಗುಂಯ್ ಅನ್ನುತ್ತದೆ. ಒಂದೇ ಉಸಿರಿನಲ್ಲಿ ಸ್ಸ್ಸ್, ಜ಼್ಜ಼್ಜ಼್, ಸ್ಸ್ಸ್, ಜ಼್ಜ಼್ಜ಼್ ಅಂತ ಬದಲಾಯಿಸುತ್ತಾ ಹೋಗಿ. ಕನ್ನಡಿ ಮುಂದೆ ನಿಲ್ಲುವುದು ಬೇಡ. ಈ ಎರಡು ಸದ್ದಿಗೂ ಹೊರಗಿನಿಂದ ಮುಖ ಒಂದೇ ಥರ ಕಾಣುತ್ತದೆ.

ಬಂದದ್ದು ಜ಼ ಹೌದೋ ಅಲ್ಲವೋ ಅಂತ ತಿಳಿಯಲು ಒಂದು ಪರೀಕ್ಷೆ ಇದೆ, ನಾನು ಕ್ಲಾಸಿನಲ್ಲಿ ಇದನ್ನೇ ಮಾಡಿಸುವುದು. ಜ ಅಕ್ಷರವನ್ನು ಎಳೆಯಲು ನೋಡಿ. ಆಗುವುದಿಲ್ಲ. ನಾಲಿಗೆ ಅಂಗುಳಕ್ಕೆ ತಾಗಿ ಗಾಳಿ ಕಟ್ಟುತ್ತದೆ, ಬಿಟ್ಟ ಮೇಲೆ ಉದ್ದಕ್ಕೆ ಉಳಿಯುವುದು ಬರೀ ಅಕಾರ. ಜ಼ ಹಾಗಲ್ಲ, ಉಸಿರು ಮುಗಿಯುವವರೆಗೂ ಎಳೆಯಬಹುದು. ಹಾಗಾಗಿ ಯಾವುದೇ ಪದ ಹೇಳುವಾಗ ಆ ಜಾಗದಲ್ಲಿ ನಿಂತು ಎಳೆದು ನೋಡಿ. ಎಳೆಯಲು ಬಂದರೆ ಜ಼. ಗಾಳಿ ಕಟ್ ಆದರೆ ಜ.

ಪದಗಳನ್ನು ತೆಗೆದುಕೊಳ್ಳುವಾಗ ಮೊದಲು ಎರಡು ಸ್ವರದ ನಡುವೆ ಜ಼ ಬರುವಂಥವು ಒಳ್ಳೆಯದು. ಈಜ಼ಿ, ಬಿಜ಼ಿ, ಲೇಜ಼ಿ. ಗಂಟಲು ಮೊದಲೇ ಅದುರುತ್ತಾ ಇರುತ್ತದೆ, ನೀವು ಅದನ್ನು ನಿಲ್ಲಿಸದೆ ಹೋದರೆ ಸಾಕು. ಆಮೇಲೆ ಜ಼ಿಂಕ್, ಜ಼ೀರೋ. ಕೊನೆಯಲ್ಲಿ ಜ಼ ಬರುವ ಪದಗಳನ್ನು ಕೊನೆಗೇ ಇಟ್ಟುಕೊಳ್ಳಿ, ಅವು ಜಾಸ್ತಿ ಕಷ್ಟ.


ಹರಿಹರದವನು

ಮೇಷ್ಟ್ರು ಹೇಳಿದ ಎರಡು ತೊಂದರೆಯ ಮಾತು ನೂರಕ್ಕೆ ನೂರು ಸರಿ. ನಮ್ಮ ಮನೆ ಮಾತು ಉರ್ದು. ಜ಼ ನಮಗೆ ಚಿಕ್ಕಂದಿನಿಂದ ಇರುವ ಸದ್ದು. ನಮಾಜ಼್, ರೋಜ಼ಾ, ಬಾಜ಼ಾರ್, ಕಾಗಜ಼್ ಎಲ್ಲ ದಿನದ ಮಾತುಗಳು. ಆದರೂ ನಮ್ಮ ಓಣಿಯ ಹುಡುಗರ ಇಂಗ್ಲಿಷ್ ಕೇಳಿ ನೋಡಿ. ಜ಼ೀರೋ ಸರಿಯಾಗಿ ಹೇಳುತ್ತಾರೆ, ನೋಜ಼್ ಮಾತ್ರ ನೋಸ್, ಬಿಕಾಜ಼್ ಮಾತ್ರ ಬಿಕಾಸ್. ಪುಸ್ತಕದಲ್ಲಿ ಬರೆದಿರುವುದು ಎಸ್ ಅಲ್ವಾ. ಸದ್ದು ಬಾಯಲ್ಲಿ ಇದ್ದವರಿಗೂ ಅದನ್ನು ಎಲ್ಲಿ ಹಾಕಬೇಕು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ.

ಸಿಸ್ಟರ್‌ಗೆ ಒಂದು ಉಪಾಯ ಹೇಳುತ್ತೇನೆ. ಕನ್ನಡದಲ್ಲಿ ನೀವು ದಿನಾ ಬಳಸುವ ಅರ್ಜಿ, ಜಮೀನು, ತಾಜಾ, ಜೋರು, ದರ್ಜಿ, ಇವೆಲ್ಲ ನಮ್ಮ ಮಾತಿನಲ್ಲಿ ಜ಼ ಇರುವ ಪದಗಳೇ. ಕನ್ನಡಕ್ಕೆ ಬಂದು ಜ ಆಗಿವೆ. ನಿಮ್ಮ ವಾರ್ಡಿನಲ್ಲಿ ಉರ್ದು ಮಾತಾಡುವವರು ಒಬ್ಬರಾದರೂ ಇದ್ದೇ ಇರುತ್ತಾರೆ, ದಾವಣಗೆರೆಯಲ್ಲಿ ಅದಕ್ಕೇನು ಕೊರತೆ ಇಲ್ಲ. ಟೀ ಕುಡಿಯುವಾಗ ಅವರ ಹತ್ತಿರ ಜ಼ಮೀನ್, ಅರ್ಜ಼ಿ, ತಾಜ಼ಾ ಹೇಳಿಸಿ. ಅವರು ಹೇಳಿದ ಮೇಲೆ ನೀವು ಕನ್ನಡದಲ್ಲಿ ಹೇಳಿ. ಗೊತ್ತಿರುವ ಪದವೇ ಆದ್ದರಿಂದ ಅರ್ಥದ ಕಡೆ ಗಮನ ಹೋಗುವುದಿಲ್ಲ, ಆ ಒಂದು ಸದ್ದಿನ ಮೇಲೇ ಕಿವಿ ನಿಲ್ಲುತ್ತದೆ. ಆಮೇಲೆ ಅವರಿಗೆ ಕಣ್ಣು ಮುಚ್ಚಲು ಹೇಳಿ, ನೀವು ಎರಡರಲ್ಲಿ ಯಾವುದೋ ಒಂದು ಹೇಳಿ. ಯಾವುದು ಕೇಳಿಸಿತು ಅಂತ ಅವರೇ ಹೇಳಲಿ. ಅವರ ಕಿವಿಗೆ ಮೋಸ ಆಗುವುದಿಲ್ಲ.


ಹಿರಿಯೂರು ಟು ಲೀಡ್ಸ್

ತಂಗಿ, ನಾನೂ ದಾವಣಗೆರೆಯಲ್ಲೇ ನರ್ಸಿಂಗ್ ಓದಿ, ಓಇಟಿ ಬರೆದು ಇಲ್ಲಿಗೆ, ಯುಕೆಯ ಲೀಡ್ಸ್‌ಗೆ ಬಂದವಳು. ಪರೀಕ್ಷೆ ಬಗ್ಗೆ ಮೊದಲು ಧೈರ್ಯ ಹೇಳುತ್ತೇನೆ. ಆಕ್ಸೆಂಟ್ ಭಾರತದ್ದು ಅಂತ ಮಾರ್ಕ್ಸ್ ಕಳೆಯುವುದಿಲ್ಲ. ಎರಡು ರೋಲ್‌ಪ್ಲೇ (ನೀನು ನರ್ಸ್, ಎದುರಿನವರು ಪೇಷಂಟ್ ಅಂತ ಮಾತಾಡುವುದು) ಇರುತ್ತದೆ, ಒಂದೊಂದೂ ಸುಮಾರು 5 ನಿಮಿಷ, ಪ್ರತಿಯೊಂದಕ್ಕೂ ಮುಂಚೆ ಕಾರ್ಡ್ ಓದಿಕೊಳ್ಳಲು 3 ನಿಮಿಷ. ಉಚ್ಚಾರಣೆಯನ್ನು ನೋಡುವುದು ಇಂಟೆಲಿಜಿಬಿಲಿಟಿ ಅನ್ನುವ ಒಂದು ವಿಭಾಗದಲ್ಲಿ. ಕೇಳುವವರು ಕಷ್ಟಪಡದೆ ನಿಮ್ಮ ಮಾತು ಹಿಡಿಯಬಹುದಾ ಅನ್ನುವುದೇ ಅಲ್ಲಿನ ಲೆಕ್ಕ. ಫ್ಲುಯೆನ್ಸಿ, ಗ್ರಾಮರ್, ಪೇಷಂಟ್ ಜತೆ ನಡೆದುಕೊಳ್ಳುವ ರೀತಿ, ಇದಕ್ಕೆಲ್ಲ ಬೇರೆ ಮಾರ್ಕ್ಸ್ ಇದೆ. ಸ್ಪೀಕಿಂಗ್‌ನಲ್ಲಿ ಬಿ ಗ್ರೇಡ್ ಬೇಕು, ಅಂದರೆ 350. ಒಂದು ಸದ್ದಿಗಾಗಿ ತಡೆದು ತಡೆದು ಮಾತಾಡಬೇಡ, ಅದರಿಂದ ಆಗುವ ನಷ್ಟವೇ ಜಾಸ್ತಿ.

ಆದರೆ ವಾರ್ಡಿನಲ್ಲಿ ಈ ಸದ್ದು ಬೇಕೇ ಬೇಕು, ಪರೀಕ್ಷೆಗಿಂತ ಜಾಸ್ತಿ ಬೇಕು. ವಯಸ್ಸಾದ ಪೇಷಂಟ್‌ಗಳು, ಕಿವಿ ಮಂದ, ಅಕ್ಕಪಕ್ಕ ಮಾನಿಟರ್ ಸದ್ದು. ‘ಲೂಸ್’ ಅಂದರೆ ಅವರು ಮೋಷನ್ ಬಗ್ಗೆ ಕೇಳುತ್ತಿದ್ದಾರೆ ಅಂದುಕೊಳ್ಳುತ್ತಾರೆ. ನೀನು ಕೇಳಬೇಕಾಗಿದ್ದು ಪ್ರಜ್ಞೆ ತಪ್ಪಿತ್ತಾ ಅಂತ, ‘ಡಿಡ್ ಯು ಲೂಜ಼್ ಕಾನ್ಷಸ್‌ನೆಸ್’.

ಕೊನೆಯಲ್ಲಿ ಬರುವ ಜ಼ ಬಗ್ಗೆ ಒಂದು ವಿಷಯ ನನಗೆ ಇಲ್ಲಿ ಬಂದ ಮೇಲೇ ಗೊತ್ತಾಗಿದ್ದು. ಇಲ್ಲಿಯವರು ಪದದ ಕೊನೆಯ ಜ಼ ಒತ್ತಿ ಹೇಳುವುದೇ ಇಲ್ಲ, ಅದು ಅರ್ಧ ಗಾಳಿಯಾಗಿ ಹೋಗಿರುತ್ತದೆ. ಆದರೆ ಅದರ ಮುಂಚಿನ ಸ್ವರವನ್ನು ಉದ್ದ ಮಾಡುತ್ತಾರೆ. ಐಸ್ ಚಿಕ್ಕದು, ಐಜ಼್ ಉದ್ದ. ಪ್ರೈಸ್-ಪ್ರೈಜ಼್, ಪೀಸ್-ಪೀಜ಼್, ಪ್ಲೇಸ್-ಪ್ಲೇಜ಼್ ಎಲ್ಲ ಹೀಗೆ. ಕೇಳುವವರ ಕಿವಿ ಆ ಉದ್ದವನ್ನೇ ಹಿಡಿಯುತ್ತದೆ. ಹ್ರಸ್ವ ದೀರ್ಘ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅದನ್ನೇ ಉಪಯೋಗಿಸಿಕೋ. ಸ್ವರ ಎಳೆದು ಕೊನೆಯಲ್ಲಿ ಮೆತ್ತಗೆ ಬಿಡು. ಜೋರಾಗಿ ಒತ್ತಿದರೆ ನಮ್ಮ ಬಾಯಿ ಬಸ್ಸು, ಕಾರು ಥರ ತಾನಾಗಿ ಒಂದು ಉಕಾರ ಸೇರಿಸಿ ‘ಐಜ಼ು’ ಮಾಡಿಬಿಡುತ್ತೆ.

ಎಸ್ ಬರೆದು ಜ಼ ಓದುವುದು ಎಲ್ಲಿ ಅಂತ ಕೇಳಿದರೆ, ಬಹುವಚನಕ್ಕೆ ನಿಯಮ ಸುಲಭ. ಎಸ್ ಮುಂಚಿನ ಸದ್ದಿಗೆ ಗಂಟಲು ಸುಮ್ಮನಿದ್ದರೆ ಸ: ಟ್ಯಾಬ್ಲೆಟ್ಸ್, ಡ್ರಾಪ್ಸ್, ವೀಕ್ಸ್. ಗಂಟಲು ಅದುರುತ್ತಿದ್ದರೆ ಜ಼: ಕ್ಯಾಪ್ಸೂಲ್ಜ಼್, ಇಂಜೆಕ್ಷನ್ಜ಼್, ಡೇಜ಼್, ಲೆಗ್ಜ಼್. ಸ, ಶ, ಚ, ಜ ಥರದ ಸದ್ದು ಇದ್ದರೆ ನಡುವೆ ಒಂದು ಇಕಾರ ಬಂದು ನರ್ಸಿಜ಼್, ಡೋಸಿಜ಼್, ಸಿರಿಂಜಿಜ಼್. ಉಳಿದ ಪದಗಳಿಗೆ ನಿಯಮ ಹುಡುಕುತ್ತಾ ಕೂರಬೇಡ, ವಾರ್ಡಿನ ಪದಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೋ. ಡಯಾಬಿಟೀಜ಼್. ಎರಡು ಎಸ್ ಬರೆದರೂ ಸಿಜ಼ರ್ಜ಼್ (ಕತ್ತರಿ), ಡಿಜ಼ಾಲ್ವ್ (ಕರಗುವುದು). ಎಗ್‌ಜ಼ಾಮಿನ್. ಡಯಾಗ್ನೋಜ಼್, ಆದರೆ ಡಯಾಗ್ನೋಸಿಸ್. ಇನ್ನು ಡೋಸ್, ಪಲ್ಸ್, ಬೇಸಿನ್, ಇನ್‌ಕ್ರೀಸ್ ಇವು ಸ ಆಗಿಯೇ ಇರಬೇಕು, ಹೊಸದಾಗಿ ಕಲಿತ ಉತ್ಸಾಹದಲ್ಲಿ ಇವನ್ನೂ ಜ಼ ಮಾಡಬೇಡ. ಕೇಂಬ್ರಿಜ್ ಡಿಕ್ಷನರಿ ವೆಬ್‌ಸೈಟಿನಲ್ಲಿ ಪ್ರತಿ ಪದಕ್ಕೂ ಯುಕೆ ಆಡಿಯೊ ಇದೆ, ಅನುಮಾನ ಬಂದಾಗ ಅದನ್ನೇ ಒತ್ತಿ ಕೇಳು.

ಇನ್ನೊಂದು ಬಿಟ್ಟೆ. ಸೀಜರ್ (ಫಿಟ್ಸ್), ಮೆಷರ್, ವಿಷನ್ ಇವುಗಳಲ್ಲಿ ಇರುವುದು ಜ಼ ಅಲ್ಲ. ಅದು ಶ ಅಕ್ಷರಕ್ಕೆ ದನಿ ಸೇರಿಸಿದರೆ ಬರುವ ಸದ್ದು. ಮೇಷ್ಟ್ರು ಹೇಳಿದ ಕಿವಿ ಮುಚ್ಚುವ ಅಭ್ಯಾಸವನ್ನೇ ಶ್ಶ್ಶ್ ಹಿಡಿದು ಮಾಡು. ಫಿಟ್ಸ್ ಬಂದ ಪೇಷಂಟ್ ಬಗ್ಗೆ ಫೋನಿನಲ್ಲಿ ಹೇಳುವಾಗ ಸೀಜರ್ ಅನ್ನುವ ಪದ ಮೊದಲ ಸಲಕ್ಕೇ ಅರ್ಥ ಆಗಬೇಕು.


ಹೊಳಲ್ಕೆರೆ ಸಿಸ್ಟರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ನೋಟ್‌ಬುಕ್ ಶುರು ಮಾಡಿದ್ದೇನೆ. ನೈಟ್ ಡ್ಯೂಟಿ ಮುಗಿಸಿ ಕುಂದುವಾಡ ಕೆರೆ ಹತ್ತಿರ ವಾಕ್ ಹೋದಾಗ ಕಿವಿ ಮುಚ್ಚಿಕೊಂಡು ಮೇಷ್ಟ್ರು ಹೇಳಿದಂತೆ ಮಾಡಿದೆ. ಗುಂಯ್ ಅನ್ನುವುದು ನಿಜಕ್ಕೂ ತಲೆಯೊಳಗೆ ಕೇಳಿಸುತ್ತೆ! ಈಜ಼ಿ, ಬಿಜ಼ಿ ಚೆನ್ನಾಗಿ ಬರುತ್ತಿದೆ. ರೂಮ್‌ಮೇಟ್ ಮನೆ ಮಾತು ಉರ್ದು, ಅವಳು ಜ಼ಮೀನ್ ಹೇಳಿ ನಾನು ಜಮೀನು ಹೇಳಿದಾಗ ವ್ಯತ್ಯಾಸ ತಕ್ಷಣ ಗೊತ್ತಾಯಿತು. ಸೆಟಿರಿಜ಼ಿನ್‌ಗೂ ಅವಳು ಓಕೆ ಅಂದಳು.

ಡ ಇಂದ ಶುರುವಾಗುವ ಪದಗಳು ಮಾತ್ರ ಹಟ ಹಿಡಿದಿವೆ. ಡಿಜ಼ೀಜ಼್, ಡಿಜ಼ಾಲ್ವ್ ಎರಡರಲ್ಲೂ ಎಳೆಯಲು ಹೋದರೆ ನಡುವೆ ಕಟ್ ಆಗುತ್ತೆ. ಯಾಕೆ ಹೀಗೆ? ಇನ್ನೊಂದು, ಫೋನಿನ ವಾಯ್ಸ್ ಟೈಪಿಂಗ್‌ನಲ್ಲಿ ಹೇಳಿ ಚೆಕ್ ಮಾಡಬಹುದಾ? ಅದು ಬಹಳ ಸಲ ಸರಿಯಾಗಿಯೇ ಟೈಪ್ ಮಾಡುತ್ತಿದೆ.


ದುರ್ಗದ ಮೇಷ್ಟ್ರು

ಒಳ್ಳೆ ಪ್ರಶ್ನೆ ಕೇಳಿದಿರಿ. ಅಲ್ಲಿ ತೊಂದರೆ ಕೊಡುತ್ತಿರುವುದು ಜ಼ ಅಲ್ಲ, ನಮ್ಮ ಡ. ಕನ್ನಡದ ಡ ಹೇಳುವಾಗ ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗುತ್ತದೆ. ಅಲ್ಲಿಂದ ಬಿಚ್ಚಿಕೊಂಡು ಮುಂದಿನ ವಸಡಿನ ತನಕ ಬರಬೇಕು. ಆ ದಾರಿಯಲ್ಲಿ ಎಲ್ಲೋ ಒಂದು ಕಡೆ ತಾಗಿಬಿಡುತ್ತದೆ, ತಾಗಿದರೆ ಗಾಳಿ ಕಟ್. ಇಂಗ್ಲಿಷ್ ಡಿ ಅಕ್ಷರಕ್ಕೆ ನಾಲಿಗೆ ಮಡಚುವುದಿಲ್ಲ. ತುದಿ ನೇರವಾಗಿ ಮೇಲಿನ ಹಲ್ಲಿನ ಹಿಂದಿನ ವಸಡಿಗೆ ತಾಗಿ ಬಿಡುತ್ತದೆ, ಅಂದರೆ ಜ಼ ಹುಟ್ಟುವ ಜಾಗದಲ್ಲೇ. ನಮ್ಮ ದ ಮತ್ತು ಡ ಎರಡರ ನಡುವಿನ ಜಾಗ ಅಂತ ಇಟ್ಟುಕೊಳ್ಳಿ. ಹಾಗೆ ಡಿ ಹೇಳಿ, ತುದಿಯನ್ನು ಒಂದು ಕೂದಲೆಳೆಯಷ್ಟು ಕೆಳಗಿಳಿಸಿದರೆ ಜ಼ಗೆ ಅದೇ ಜಾಗ, ದೂರ ಹೋಗಬೇಕಾಗಿಯೇ ಇಲ್ಲ. ಒಂದೆರಡು ದಿನ ಬರೀ ಡೇ, ಡೇಜ಼್, ಬೆಡ್, ಬೆಡ್ಜ಼್ ಹೇಳಿ, ಆಮೇಲೆ ಡಿಜ಼ಾಲ್ವ್‌ಗೆ ಹೋಗಿ.

ವಾಯ್ಸ್ ಟೈಪಿಂಗ್ ನಂಬಬೇಡಿ, ಅದರಲ್ಲೂ ಪೂರ್ತಿ ವಾಕ್ಯ ಹೇಳುವಾಗ. ಅಕ್ಕಪಕ್ಕದ ಪದ ನೋಡಿ ಅದು ಊಹೆ ಮಾಡುತ್ತದೆ, ನೀವು ತಪ್ಪು ಹೇಳಿದರೂ ಸರಿಯಾಗಿ ಬರೆಯುತ್ತದೆ. ಬಿಡಿ ಪದ ಹೇಳಿ ನೋಡಬಹುದು, ಪ್ರೈಸ್ ಒಂದು ಸಲ, ಪ್ರೈಜ಼್ ಒಂದು ಸಲ. ಅದಕ್ಕಿಂತ ಫೋನಿನ ರೆಕಾರ್ಡರ್ ಒಳ್ಳೆಯದು. ರೋಲ್‌ಪ್ಲೇ ಕಾರ್ಡ್ ಒಂದನ್ನು ನಿಮ್ಮ ಮಾಮೂಲಿ ವೇಗದಲ್ಲೇ ಮಾತಾಡಿ ರೆಕಾರ್ಡ್ ಮಾಡಿ, ನಿಧಾನ ಮಾಡಿದರೆ ಎಲ್ಲ ಸರಿಯಾಗಿಯೇ ಬರುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ರೆಕಾರ್ಡಿಂಗ್ ಇಲ್ಲೇ ಹಾಕಿ. ಎಲ್ಲಿ ಕಟ್ ಆಗುತ್ತಿದೆ, ಎಲ್ಲಿ ಸ ಆಗುತ್ತಿದೆ ಅಂತ ಕೇಳಿ ಬರೆಯುತ್ತೇನೆ. ಹರಿಹರದವರೂ ಒಂದು ಸಲ ಕೇಳಲಿ.