11 ಪುಟದ ಕಾರ್ ಪಾಲಿಸಿ, ಇದರಲ್ಲಿ ಏನು ನೋಡಬೇಕು?

ಡೊಂಬಿವಲಿ ಕನ್ನಡತಿ

ನಮಸ್ಕಾರ. ಮಾರ್ಚ್‌ನಲ್ಲಿ ನಮ್ಮ ಬಿಲ್ಡಿಂಗ್‌ನವರಿಂದಲೇ ಸೆಕೆಂಡ್ ಹ್ಯಾಂಡ್ ವ್ಯಾಗನ್ ಆರ್ ಕೊಂಡೆ, 1000 ಸಿಸಿ ಒಳಗಿನದು. ನನ್ನ ಮೊದಲ ಕಾರು. ಪೂರ್ತಿ ದುಡ್ಡು ಕೊಟ್ಟಿದ್ದೇನೆ, ಸಾಲ ಇಲ್ಲ. ಆರ್‌ಸಿ ನನ್ನ ಹೆಸರಿಗೆ ಬಂದಿದೆ. ಆಮೇಲೆ ಹೊರಗಡೆ ಸಿಎನ್‌ಜಿ ಕಿಟ್ ಹಾಕಿಸಿದೆ. ಪಾಲಿಸಿಯನ್ನೂ ನನ್ನ ಹೆಸರಿಗೆ ಮಾಡಿಸಿ ಏಜೆಂಟ್ ವಾಟ್ಸಾಪ್‌ನಲ್ಲಿ 11 ಪುಟ ಕಳಿಸಿದ್ದಾರೆ. ಕೇಳಿದರೆ "ಎಲ್ಲ ಸರಿ ಇದೆ ಮೇಡಂ" ಅಷ್ಟೇ. ಮೊದಲ ಪುಟದಲ್ಲಿ ಐಡಿವಿ 2,85,000, ಎನ್‌ಸಿಬಿ 35%, ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿ "ಐಎಂಟಿ 7, 22, 28" ಅಂತ ಇದೆ. ಅಮ್ಮನನ್ನು ವಾರಕ್ಕೆರಡು ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಇದೇ ಕಾರಲ್ಲಿ, ಅದಕ್ಕೇ ಭಯ. ಯಾರಾದರೂ ಬಿಡಿಸಿ ಹೇಳುತ್ತೀರಾ?

ಠಾಣೆ ಗ್ಯಾರೇಜ್

ತಂಗಿ, ಕೇಳಿದ್ದು ಒಳ್ಳೆಯದಾಯಿತು. 11 ಪುಟದಲ್ಲಿ ನಿನ್ನ ಕಾರಿನ ವಿಷಯ ಇರುವುದು ಮೊದಲ ಒಂದೆರಡು ಪುಟದಲ್ಲೇ, ಉಳಿದದ್ದು ಎಲ್ಲರಿಗೂ ಒಂದೇ ಥರದ ಷರತ್ತು.

ಐಡಿವಿ ಅಂದರೆ ಕಾರು ಕಳವಾದರೆ ಅಥವಾ ಪೂರ್ತಿ ಜಖಂ ಆದರೆ ಕಂಪನಿ ಲೆಕ್ಕ ಹಾಕುವ ಬೆಲೆ. ರಿಪೇರಿ ಖರ್ಚು ಅದರ 75% ದಾಟಿದರೆ ಪೂರ್ತಿ ನಷ್ಟ ಅಂತಲೇ ಲೆಕ್ಕ. ಪ್ರೀಮಿಯಂ ಕಡಿಮೆ ತೋರಿಸಲು ಏಜೆಂಟರು ಇದನ್ನು ಇಳಿಸುವುದುಂಟು, ನೋಡಿಕೋ.

ನನಗೆ ಗಾಬರಿ ಆಗಿದ್ದು ಆ 35% ನೋಡಿ. ಎನ್‌ಸಿಬಿ ಕಾರಿನದಲ್ಲ, ಓಡಿಸಿದ ಮಾಲೀಕರದು. ಮೂರು ವರ್ಷ ಕ್ಲೇಮ್ ಇಲ್ಲದೆ ಇದ್ದವರಿಗೆ ಸಿಗುವ ರಿಯಾಯಿತಿ ಅದು. ಇದು ನಿನ್ನ ಮೊದಲ ಕಾರು ಅಂದಮೇಲೆ ನಿನಗೆ ಎಲ್ಲಿಂದ ಬಂತು? ಹಳೆಯ ಮಾಲೀಕರದ್ದು ಹಾಗೇ ಉಳಿದುಕೊಂಡಿದೆ. ಕ್ಲೇಮ್ ಹಾಕಿದ ದಿನ ಇದನ್ನೇ ಹಿಡಿದು ತಕರಾರು ತೆಗೆಯುತ್ತಾರೆ. ಈಗಲೇ ಹೇಳಿ ವ್ಯತ್ಯಾಸದ ದುಡ್ಡು ಕಟ್ಟಿಬಿಡು.

ಐಎಂಟಿ ನಂಬರ್ ಅಂದರೆ ಪಾಲಿಸಿಗೆ ಸೇರಿಸಿದ ಹೆಚ್ಚುವರಿ ಷರತ್ತು. 22 ಅಂದರೆ ಪ್ರತಿ ಕ್ಲೇಮ್‌ನಲ್ಲೂ ಮೊದಲ 1000 ರೂಪಾಯಿ ನಿನ್ನದು. 28 ಅಂದರೆ ಸಂಬಳಕ್ಕೆ ಇಟ್ಟುಕೊಂಡ ಡ್ರೈವರ್‌ಗೆ ಏನಾದರೂ ಆದರೆ ಕೊಡಬೇಕಾದ ಪರಿಹಾರಕ್ಕೆ. ಆದರೆ 7 ಅಂದರೆ ಕಾರಿನ ಮೇಲೆ ಸಾಲ ಇದೆ ಅಂತ! ಯಾವ ಬ್ಯಾಂಕಿನ ಹೆಸರಿದೆ ನೋಡು. ಹಾಗೇ ಬಿಟ್ಟರೆ ನಾಳೆ ಕಾರು ಕಳವಾದಾಗ ದುಡ್ಡು ಆ ಬ್ಯಾಂಕಿನ ಹೆಸರಲ್ಲಿ ಸಿಕ್ಕಿಕೊಳ್ಳುತ್ತದೆ.

ಇನ್ನು 25 ಇರಬೇಕಿತ್ತು, ಇಲ್ಲ. ಅದು ಸಿಎನ್‌ಜಿ ಕಿಟ್‌ನದು. ಮೊದಲು ಆರ್‌ಟಿಒದಲ್ಲಿ ಆರ್‌ಸಿಗೆ ಸಿಎನ್‌ಜಿ ಸೇರಿಸು, ಆಮೇಲೆ ಪಾಲಿಸಿಗೆ. ಕಿಟ್ ಬೆಲೆಯ 4% ಮತ್ತು ಥರ್ಡ್ ಪಾರ್ಟಿಗೆ (ಬೇರೆಯವರಿಗೆ ಆಗುವ ಹಾನಿಯ ಭಾಗಕ್ಕೆ) 60 ರೂಪಾಯಿ ಜಾಸ್ತಿ ಆಗುತ್ತದೆ, ಅಷ್ಟೇ. ಈ 60 ರೂಪಾಯಿಗೆ ಹಿಂದೆಮುಂದೆ ನೋಡಿ ಕ್ಲೇಮ್ ಕಳೆದುಕೊಂಡವರನ್ನು ಕಣ್ಣಾರೆ ಕಂಡಿದ್ದೇನೆ.

ಕಾತ್ರಜ್‌ವಾಸಿ, ಪುಣೆ

ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ಮಳೆಗಾಲ ಬರುತ್ತಿದೆ. 2019ರ ಸೆಪ್ಟೆಂಬರ್ 25ರ ರಾತ್ರಿ ಇಲ್ಲಿ ಆಂಬಿಲ್ ಓಢಾ ಅನ್ನುವ ಹಳ್ಳ ಉಕ್ಕಿದಾಗ ನಮ್ಮ ಪಾರ್ಕಿಂಗ್‌ನಲ್ಲಿ ಸೀಟಿನ ಮಟ್ಟಕ್ಕೆ ನೀರು. ಬೆಳಿಗ್ಗೆ ನೀರು ಇಳಿದಿತ್ತು, ಮ್ಯಾಟ್ ಮೇಲೆ ಬೆರಳುದ್ದ ಕೆಸರು. ಚಾಲೂ ಆಗುತ್ತದಾ ನೋಡೋಣ ಅಂತ ನಾನು ಕೀ ತಿರುಗಿಸಿದೆ. ಠಕ್ ಅಂತ ಒಂದೇ ಸದ್ದು. ಎಂಜಿನ್ ಒಳಗೆ ಕನೆಕ್ಟಿಂಗ್ ರಾಡ್ ಬಗ್ಗಿತ್ತು. ಸೀಟು, ವೈರಿಂಗ್ ಖರ್ಚು ಕೊಟ್ಟರು, ಎಂಜಿನ್‌ಗೆ ಒಂದು ಪೈಸೆ ಇಲ್ಲ, ನೀರು ಹೊಕ್ಕ ಮೇಲೆ ಚಾಲೂ ಮಾಡಿದ್ದು ನಿಮ್ಮ ತಪ್ಪು ಅಂದರು. ಇಂಥ ಎಂಜಿನ್ ನಷ್ಟಕ್ಕೆ ಎಂಜಿನ್ ಪ್ರೊಟೆಕ್ಟ್ ಅಂತ ಆಡ್-ಆನ್ ಇರುತ್ತದೆ, ಸಾಮಾನ್ಯವಾಗಿ ರಿನ್ಯೂ ಮಾಡುವಾಗ ಮಾತ್ರ ಕೊಡುತ್ತಾರೆ. ನಿಮ್ಮ ಪಾಲಿಸಿಯಲ್ಲಿ ಇಲ್ಲದಿದ್ದರೆ ನೀರಲ್ಲಿ ನಿಂತ ಕಾರಿನ ಕೀ ಮಾತ್ರ ಮುಟ್ಟಬೇಡಿ ಅಕ್ಕ. ಟೋ ಮಾಡಿಸಿ.

ಡೊಂಬಿವಲಿ ಕನ್ನಡತಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಈಗಷ್ಟೇ ನೋಡಿದೆ, ಮಾರಿದವರ ಬ್ಯಾಂಕಿನ ಹೆಸರೇ ಇದೆ. ಅವರು ಸಾಲ ತೀರಿಸಿ ಎರಡು ವರ್ಷ ಆಯಿತಂತೆ, ಸಾಲ ಬಾಕಿ ಇಲ್ಲ ಅನ್ನುವ ಬ್ಯಾಂಕಿನ ಪತ್ರ (ಎನ್‌ಒಸಿ) ಕೊಡುತ್ತಾರೆ. ಏಜೆಂಟ್‌ಗೆ ಹೇಳಲಾ, ಕಂಪನಿಗೆ ಬರೆಯಲಾ?

ಠಾಣೆ ಗ್ಯಾರೇಜ್

ಕಂಪನಿಗೇ ಮೇಲ್ ಹಾಕು, ಏಜೆಂಟ್‌ಗೆ ಕಾಪಿ ಇರಲಿ. ಬಾಯಿಮಾತಿನಲ್ಲಿ ಬೇಡ. 30 ದಿನದಲ್ಲಿ ಉತ್ತರ ಬರದಿದ್ದರೆ ವಿಮಾ ಕಂಪನಿಗಳ ಮೇಲಿನ ದೂರು ನೋಡುವ ವಿಮಾ ಓಂಬುಡ್ಸ್‌ಮನ್ ಕಚೇರಿ ಠಾಣೆಯಲ್ಲೇ ಇದೆ, ದೂರು ಕೊಡಲು ಫೀಸ್ ಇಲ್ಲ. ಮತ್ತೆ, ತಿದ್ದಿದ ಕಾಗದ ಬಂದಾಗ ಅದು ಯಾವ ತಾರೀಖಿನಿಂದ ಜಾರಿ ಅಂತ ಮೊದಲು ನೋಡು. ಅಲ್ಲಿಯವರೆಗೆ ಅಮ್ಮನನ್ನು ಕೂರಿಸಿಕೊಂಡು ಹೋಗುವಾಗ ಪೆಟ್ರೋಲ್ ಮೇಲೆ ಓಡಿಸಿದರೂ ಪ್ರಯೋಜನ ಇಲ್ಲ, ಕಿಟ್ ಕಾರಲ್ಲಿ ಇದೆಯಲ್ವಾ. ಬೇಗ ಮುಗಿಸಿಕೋ.