ಪಿಎಚ್‌ಎ ಹಾಕಿದ ಟಿ ಕೋಶಗಳಲ್ಲಿ ಸಿಡಿ69 ಏಕೆ ಮಂಕಾಗಿದೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ರಕ್ತದಿಂದ ಬೇರ್ಪಡಿಸಿದ ಲಿಂಫೊಸೈಟ್‌ಗಳನ್ನು (ಟಿ ಕೋಶಗಳೂ ಸೇರಿದ ಬಿಳಿ ರಕ್ತಕಣಗಳು) ಟಿ ಕೋಶಗಳನ್ನು ಪ್ರಚೋದಿಸುವ ಪಿಎಚ್‌ಎಯೊಂದಿಗೆ 72 ಗಂಟೆ ಬೆಳೆಸಿ, ಪ್ರಚೋದನೆಯನ್ನು ತೋರಿಸುವ ಮೇಲ್ಮೈ ಪ್ರೋಟೀನುಗಳಾದ ಸಿಡಿ69ಕ್ಕೆ ಎಫ್‌ಐಟಿಸಿ, ಸಿಡಿ25ಕ್ಕೆ ಪಿಇ ಎಂಬ ಹೊಳೆಯುವ ಬಣ್ಣ ಜೋಡಿಸಿದ ಪ್ರತಿಕಾಯಗಳನ್ನು ಹಾಕಿ ಫ್ಲೋ ಸೈಟೋಮೀಟರಿನಲ್ಲಿ (ಒಂದೊಂದೇ ಕೋಶದ ಹೊಳಪನ್ನು ಅಳೆಯುವ ಯಂತ್ರ) ನೋಡಿದೆ. ಕೋಶಗಳು ಉಬ್ಬಿ ಗುಂಪುಗಟ್ಟಿದ್ದರೂ ಸಿಡಿ69 ತೀರಾ ಮಂಕಾಗಿದೆ. ಪ್ರಚೋದನೆ ಕೊಡದ ಕೋಶಗಳಲ್ಲೂ ಸಿಡಿ25 ಅಷ್ಟಿಷ್ಟು ಕಾಣುತ್ತಿದೆ. ಪ್ರತಿಕಾಯ ಕೆಟ್ಟಿರಬಹುದೇ?

ಉತ್ತರ 1:
ಪ್ರತಿಕಾಯಕ್ಕಿಂತ ಮೊದಲು ಗಡಿಯಾರವನ್ನು ಅನುಮಾನಿಸಿ. ಸಿಡಿ69 ಪ್ರಚೋದನೆಯಾದ ಕೆಲವೇ ಗಂಟೆಗಳಲ್ಲಿ ಕೋಶದ ಮೇಲ್ಮೈಗೆ ಬಂದು, ಸುಮಾರು ಒಂದು ದಿನದ ನಂತರ ಇಳಿಯತೊಡಗುತ್ತದೆ. ಐಎಲ್‌-2 (ಟಿ ಕೋಶಗಳನ್ನು ಬೆಳೆಸುವ ಸಂಕೇತ ಪ್ರೋಟೀನು) ಗ್ರಾಹಕದ ಆಲ್ಫಾ ಸರಪಳಿಯಾದ ಸಿಡಿ25 ನಿಧಾನವಾಗಿ ಏರಿ, 48ರಿಂದ 72 ಗಂಟೆಯ ಹೊತ್ತಿಗೆ ಚೆನ್ನಾಗಿ ಕಾಣುತ್ತದೆ. ನೀವು ನೋಡಿದ್ದು ಸಿಡಿ69 ಇಳಿದ ಮೇಲೆ. ಇನ್ನು ಪ್ರಚೋದಿಸದ ಕೋಶಗಳ ಸಿಡಿ25: ರೋಗನಿರೋಧಕ ಪ್ರತಿಕ್ರಿಯೆಯನ್ನು ಹತೋಟಿಯಲ್ಲಿಡುವ ನಿಯಂತ್ರಕ ಟಿ ಕೋಶಗಳು ಅದನ್ನು ಸದಾ ಹೊತ್ತಿರುತ್ತವೆ. ಸಿಡಿ4 ಮತ್ತು ಸಿಡಿ127 ಎಂಬ ಮೇಲ್ಮೈ ಗುರುತುಗಳ ಪ್ರತಿಕಾಯಗಳನ್ನೂ ಸೇರಿಸಿದರೆ, ಸಿಡಿ127 ಕಡಿಮೆ ಇರುವ ಆ ಗುಂಪು ಬೇರೆಯಾಗಿ ಕಾಣುತ್ತದೆ.

ಉತ್ತರ 2:
ಕಾಲದ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಸಿಡಿ25 ಅನ್ನು ಪೂರ್ತಿಯಾಗಿ ನಿಯಂತ್ರಕ ಕೋಶಗಳ ತಲೆಗೆ ಕಟ್ಟಲಾರೆ. ಮೂರು ದಿನ ಬೆಳೆಸಿದ ಕೋಶಗಳಲ್ಲಿ ಸತ್ತವೂ ಇರುತ್ತವೆ, ಅವು ಯಾವ ಪ್ರತಿಕಾಯವನ್ನಾದರೂ ಹಿಡಿದುಕೊಳ್ಳುತ್ತವೆ; ಸತ್ತ ಕೋಶಗಳನ್ನು ಗುರುತಿಸುವ ಬಣ್ಣವನ್ನು ಬಳಸಿದ್ದೀರಾ? ಎಫ್‌ಐಟಿಸಿಯ ಬೆಳಕು ಪಿಇ ನೋಡುವ ಕಿಂಡಿಗೂ ಸೋರುವುದರಿಂದ, ಒಂದೊಂದೇ ಬಣ್ಣ ಹಾಕಿದ ನಳಿಕೆಗಳಿಂದ ಕಾಂಪೆನ್ಸೇಷನ್ (ಆ ಸೋರಿಕೆಯನ್ನು ಕಳೆಯುವ ಲೆಕ್ಕ) ಸರಿಪಡಿಸಿ, ಪಿಇಯೊಂದನ್ನು ಬಿಟ್ಟು ಉಳಿದ ಬಣ್ಣಗಳನ್ನೆಲ್ಲ ಹಾಕಿದ ನಳಿಕೆಯನ್ನು ನೋಡಿಯೇ ಸಿಡಿ25 ಇದೆ, ಇಲ್ಲ ಎಂಬ ಗೆರೆ ಎಳೆಯಬೇಕು. ಪ್ರಚೋದಿಸದ ನಳಿಕೆಯೂ ಅಷ್ಟೇ ಗಂಟೆ ಇನ್‌ಕ್ಯುಬೇಟರಿನಲ್ಲಿ ಇದ್ದಿರಬೇಕು, ಇದನ್ನು ಅನೇಕರು ಮರೆಯುತ್ತಾರೆ.

ಪ್ರಶ್ನೆ ಕೇಳಿದವರು:
ಸತ್ತ ಕೋಶಗಳ ಬಣ್ಣ ಹಾಕಿರಲಿಲ್ಲ, ತಪ್ಪು ನನ್ನದೇ. 6 ಮತ್ತು 24 ಗಂಟೆಗೆ ಮತ್ತೆ ಮಾಡುತ್ತೇನೆ. ಸಿಡಿ25ಕ್ಕೆ ಪಿಇ-ಸೈ7 ಇರುವ ಪ್ರತಿಕಾಯವೂ ನಮ್ಮಲ್ಲಿದೆ. ಸಿಡಿ69ಕ್ಕೆ ಪಿಇ ಬಿಟ್ಟುಕೊಡಲೇ?

ಉತ್ತರ 2:
ಕೊಡಿ. ಮಂಕಾಗಿ ಕಾಣುವ ಗುರುತಿಗೆ ಪ್ರಕಾಶಮಾನವಾದ ಬಣ್ಣ ಕೊಡುವುದೇ ವಾಡಿಕೆ. ಆದರೆ ಪಿಇ-ಸೈ7 ಎರಡು ಬಣ್ಣಗಳ ಜೋಡಿ. ಬೆಳಕಿಗೆ ಬಿಟ್ಟರೆ ಜೋಡಿ ಕಳಚಿ ಪಿಇಯಂತೆಯೇ ಹೊಳೆಯುತ್ತದೆ, ಆಗ ಇಲ್ಲದ ಸಿಡಿ69 ಇದೆ ಎಂದು ಕಾಣುತ್ತದೆ. ನಳಿಕೆಗಳನ್ನು ಕತ್ತಲಲ್ಲಿ ಮಂಜುಗಡ್ಡೆಯ ಮೇಲಿಟ್ಟು, ಅಂದೇ ಓದಿಸಿ.